ವಿದೇಶದಲ್ಲಿ ಬಂಧಿತರಾದ ಮೇಯರ್ ಪರವಾಗಿ ದಾವಣಗೆರೆ ಪಾಲಿಕೆಯ ಸದಸ್ಯರು ದನಿ ಎತ್ತಬಹುದೇ?

ಖಂಡಿತ ಎತ್ತಬಹುದು, ಎತ್ತಬೇಕು ಎನ್ನುವವನು ನಾನು. ವಿದೇಶಾಂಗ ವ್ಯವಹಾರ ಕೇಂದ್ರದ ವಿಷಯ. ಹಾಗಾಗಿ ಪಾಲಿಕೆಯ ನಿರ್ಣಯಕ್ಕೆ ಕಾನೂನಿನ ಬಲವಿರುವುದಿಲ್ಲ. ಆದರೆ ಸದಸ್ಯರು ತಮ್ಮ ಹೆಸರಿನಲ್ಲಿ ಸಹಿ ಹಾಕಿ ಪತ್ರ ಬರೆಯಬಹುದು.

ಟರ್ಕಿಯ ಇಸ್ತಾಂಬುಲ್ ನಗರಕ್ಕೆ ಮೇಯರ್ ಆಗಿ ಆಯ್ಕೆಯಾದ ಎಕ್ರೆಮ್ ಇಮಾಮೊಗ್ಲು ಅವರನ್ನೇ ನೋಡಿ. 2019ರ ಮಾರ್ಚ್‌ನಲ್ಲಿ ಸುಮಾರು 13 ಸಾವಿರ ಮತಗಳಿಂದ ಗೆದ್ದರು; ಆ ಚುನಾವಣೆಯನ್ನೇ ರದ್ದುಪಡಿಸಲಾಯಿತು. ಜೂನ್‌ನಲ್ಲಿ ಮರುಮತದಾನ ನಡೆದಾಗ ಅಂತರ 8 ಲಕ್ಷ ಮುಟ್ಟಿತು! 2024ರಲ್ಲೂ ಜನ ಅವರನ್ನೇ ಆರಿಸಿದರು. 2025ರ ಮಾರ್ಚ್ 19ರಂದು ಭ್ರಷ್ಟಾಚಾರದ ಆರೋಪ ಹೊರಿಸಿ ಹಿಡಿದರು, ನಾಲ್ಕೇ ದಿನದಲ್ಲಿ ಜೈಲಿಗೆ ಕಳುಹಿಸಿ ಹುದ್ದೆಯಿಂದಲೂ ಅಮಾನತು ಮಾಡಿದರು. ಅವರು ಆರೋಪಗಳನ್ನು ಅಲ್ಲಗಳೆದಿದ್ದಾರೆ.

ನಮ್ಮಲ್ಲಿ ಪಾಲಿಕೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಆ ರಕ್ಷಣೆಯ ಬೆಲೆ ಗೊತ್ತಿರುವ 45 ವಾರ್ಡ್‌ಗಳ ಊರು ನಮ್ಮದು. ಪತ್ರವನ್ನು ದೆಹಲಿಯ ಟರ್ಕಿ ರಾಯಭಾರ ಕಚೇರಿಗೆ ಕಳುಹಿಸಿ.