'ಕಪ್ಪಾದ್ರೂ ಲಕ್ಷಣ': ಆ 'ಆದ್ರೂ' ಇಲ್ಲಿಗೂ ಬರುತ್ತದೆ

ನಿನ್ನ ಪ್ರಶ್ನೆ ಓದಿದೆ. ಆಗಸ್ಟ್‌ನಲ್ಲಿ ಎಂ.ಎಸ್. ಓದಲು ನ್ಯೂಜೆರ್ಸಿಗೆ ಬರುತ್ತಿದ್ದೀಯ. 'ಅಕ್ಕ, ನಾನು ಸ್ವಲ್ಪ ಕಪ್ಪು, ಅಲ್ಲಿ ಬಿಳಿಯರ ಮಧ್ಯೆ ನನ್ನನ್ನ ಹೇಗೆ ನೋಡ್ತಾರೆ, ಬೊಟ್ಟು ಇಟ್ಕೊಂಡು ಓಡಾಡಬಹುದಾ, ಚಿಕ್ಕಮ್ಮ ಬೆಳ್ಳಗಾಗೋ ಕ್ರೀಮ್ ಆರು ಟ್ಯೂಬ್ ಕೊಡಿಸಿದಾರೆ, ತರಬಹುದಾ' ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಹಾಗಾಗಿ ನಾನೂ 'ನೀನು' ಅಂತಲೇ ಬರೆಯುತ್ತೇನೆ. ನಾನು ಹಾಸನದ ಕಡೆಯವಳು. 2006ರಲ್ಲಿ ಇಲ್ಲಿಗೆ ಬಂದೆ. ನಾನೂ ಕಪ್ಪೇ, ಸ್ವಲ್ಪ ಅಲ್ಲ.

ಮೊದಲು ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಊರಲ್ಲಿ ನಮ್ಮನ್ನು ಅಳೆಯುವ ಆ ಸಣ್ಣ ಸಣ್ಣ ವ್ಯತ್ಯಾಸಗಳು ಇಲ್ಲಿಯ ಬಿಳಿಯರ ಕಣ್ಣಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಪೇಪರಿನಲ್ಲಿ ಕಾಣೆಯಾದವರ ಪ್ರಕಟಣೆ ಓದಿರುತ್ತೀಯ, 'ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು'. ಈ ಎಣ್ಣೆಗೆಂಪು ಅಂದರೆ ಏನು ಅಂತ ಒಮ್ಮೆ ಆಫೀಸಿನ ಗೆಳತಿಗೆ ವಿವರಿಸಲು ಹೋಗಿ ಸೋತೆ. ಗೋಧಿ ಬಣ್ಣ ಬೇರೆ, ಎಣ್ಣೆಗೆಂಪು ಬೇರೆ, ಎಣ್ಣೆಗಪ್ಪು ಇನ್ನೂ ಬೇರೆ ಅಂದೆ. ಅವಳು ನನ್ನನ್ನೂ, ಪಕ್ಕದಲ್ಲಿದ್ದ ಬೆಳ್ಳಗಿನ ಪಂಜಾಬಿ ಹುಡುಗಿಯನ್ನೂ ನೋಡಿ, 'ನೀವಿಬ್ಬರೂ ಅಕ್ಕತಂಗಿಯರಾ ಅಂತ ಕೇಳಬೇಕು ಅಂದುಕೊಂಡಿದ್ದೆ' ಅಂದಳು. ಪಂಜಾಬಿ ಹುಡುಗಿಯ ಮುಖ ನೋಡಬೇಕಿತ್ತು.

ಇಲ್ಲಿ ಒಂದೇ ಖಾನೆ. ಕಾಲೇಜಿನ ಫಾರಂನಲ್ಲೇ ಸಿಗುತ್ತದೆ, 'ನಿಮ್ಮ ಜನಾಂಗ ಯಾವುದು' ಅಂತ. ಏಷ್ಯನ್ ಅನ್ನುವಲ್ಲಿ ಟಿಕ್ ಮಾಡು. ಮೊದಲ ಸಲ ನಾನು ಹತ್ತು ನಿಮಿಷ ಯೋಚಿಸಿದ್ದೆ, ಏಷ್ಯನ್ ಅಂದರೆ ಚೀನಾ ಜಪಾನಿನವರು ಅಂತ ತಲೆಯಲ್ಲಿತ್ತು. ನಮ್ಮನ್ನು ಎಲ್ಲಿ ಸೇರಿಸುವುದು ಅಂತ ಈ ದೇಶಕ್ಕೂ ತುಂಬಾ ಕಾಲ ಗೊತ್ತಿರಲಿಲ್ಲ ಬಿಡು. 1930 ಮತ್ತು 1940ರ ಜನಗಣತಿಯಲ್ಲಿ ನಮ್ಮವರ ಜನಾಂಗ 'ಹಿಂದೂ' ಅಂತ ಬರೆದುಕೊಳ್ಳುತ್ತಿದ್ದರು, ಆತ ಸಿಖ್ ಆದರೂ ಅಷ್ಟೇ. ಅದಕ್ಕೂ ಮೊದಲು 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರು ನಾನು ಕಾಕೇಸಿಯನ್, ಅಂದರೆ ಬಿಳಿಯರ ಜನಾಂಗದವನೇ, ಹಾಗಾಗಿ ಪೌರತ್ವ ಕೊಡಿ ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತರು. ಸಾಮಾನ್ಯ ಜನ ಯಾರನ್ನು ಬಿಳಿಯ ಅನ್ನುತ್ತಾರೋ ಅವರೇ ಬಿಳಿಯರು, ನೀವಲ್ಲ ಅಂತ ಕೋರ್ಟ್ ಹೇಳಿತು. ಆಮೇಲೆ 1970ರ ಜನಗಣತಿಯಲ್ಲಿ ನಮ್ಮವರನ್ನು ಬಿಳಿಯರ ಲೆಕ್ಕದಲ್ಲೇ ಸೇರಿಸಿದರು! 1980ರಲ್ಲಿ 'ಏಷ್ಯನ್ ಇಂಡಿಯನ್' ಅಂತ ಬೇರೆ ಖಾನೆ ಬಂತು. ಚರ್ಮ ಅದೇ, ಐವತ್ತು ವರ್ಷದಲ್ಲಿ ಹೆಸರು ಮಾತ್ರ ಮೂರು.

ಇನ್ನು 'ನೀನು ಇಂಡಿಯನ್ ತರ ಕಾಣಲ್ಲ' ಅನ್ನುವ ಮಾತು. ನಿನ್ನ ಸೀನಿಯರ್ ಒಬ್ಬಳಿಗೆ ಯಾರೋ ಹಾಗೆ ಅಂದರಂತೆ, ಅವಳಿಗೆ ಖುಷಿಯಾಯಿತಂತೆ. ನನಗೂ ಬಂದ ಹೊಸದರಲ್ಲಿ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಪ್ರಶ್ನೆ ಬಂತು, ಹಾಗಾದರೆ ಇಂಡಿಯನ್ ತರ ಕಾಣೋದು ಅಂದರೆ ಇವರ ತಲೆಯಲ್ಲಿ ಏನಿದೆ? ದಪ್ಪ ಕನ್ನಡಕ, ಎಣ್ಣೆ ಹಚ್ಚಿದ ಜಡೆ, ಮೇಲ್ತುಟಿಯ ಕೂದಲು, ಬಾಯಿ ಬಿಟ್ಟರೆ ಕಾಲ್ ಸೆಂಟರ್ ಇಂಗ್ಲಿಷ್, ಕೋಟಿನಿಂದ ಬರುವ ಸಾರಿನ ವಾಸನೆ. ಆ ಮಾತಿನ ಅರ್ಥ ಇಷ್ಟೇ: ನಿಮ್ಮವರು ಚೆನ್ನಾಗಿರಲ್ಲ, ನೀನು ಪರವಾಗಿಲ್ಲ. ಊರಲ್ಲಿ ಹೆಣ್ಣು ನೋಡಲು ಬಂದವರು 'ಕಪ್ಪಾದ್ರೂ ಲಕ್ಷಣವಾಗಿದಾಳೆ' ಅಂತಿದ್ದರಲ್ಲ, ಅದೇ. ಆ 'ಆದ್ರೂ' ವೀಸಾ ಇಲ್ಲದೆಯೇ ಇಲ್ಲಿಗೆ ಬಂದು ಕೂತಿದೆ. (ಸಾರಿನ ವಾಸನೆ ಮಾತ್ರ ನಿಜ. ಚಳಿಗಾಲದಲ್ಲಿ ಕಿಟಕಿ ಮುಚ್ಚಿರುತ್ತದೆ, ಇಂಗಿನ ಒಗ್ಗರಣೆ ಹಾಕಿದರೆ ವಾಸನೆ ಉಣ್ಣೆ ಕೋಟಿಗೆ ಹಿಡಿದು ವಾರವಾದರೂ ಬಿಡಲ್ಲ. ಕೋಟನ್ನು ಅಡುಗೆಮನೆ ಹತ್ತಿರ ನೇತುಹಾಕಬೇಡ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಅವರ ಕೋಟಿಗೂ ಬೇಕನ್ ವಾಸನೆ ಹಿಡಿದಿರುತ್ತದೆ.)

ನನ್ನ ಮುಖಕ್ಕೆ ಇಲ್ಲಿ ಬೇರೆ ಬೇರೆ ದೇಶ ಹಂಚಿದ್ದಾರೆ. ಜೆರ್ಸಿ ಸಿಟಿಯ ಬಸ್ಸಿನಲ್ಲಿ ಡೊಮಿನಿಕನ್ ಅಜ್ಜಿಯರು ಸೀದಾ ಸ್ಪ್ಯಾನಿಷ್‌ನಲ್ಲಿ ಮಾತಾಡಿಸುತ್ತಾರೆ, ನನಗೆ ಬರಲ್ಲ ಅಂದರೆ 'ಮನೆಯಲ್ಲಿ ಕಲಿಸಲಿಲ್ಲವಾ' ಅನ್ನುವ ಹಾಗೆ ನೋಡುತ್ತಾರೆ. ಟ್ಯಾಕ್ಸಿಯವರೊಬ್ಬರು ಇಥಿಯೋಪಿಯಾನಾ ಅಂತ ಕೇಳಿದರು. ಗಯಾನಾದ ಹೆಂಗಸೊಬ್ಬರು, ಅವರ ಮುತ್ತಜ್ಜನ ಕಾಲಕ್ಕೇ ನಮ್ಮ ದೇಶದಿಂದ ಅಲ್ಲಿಯ ಕಬ್ಬಿನ ತೋಟಕ್ಕೆ ಹೋದ ಕುಟುಂಬ, ನನ್ನ ಕೈ ಹಿಡಿದು 'ನೀನು ನಮ್ಮ ಅತ್ತೆ ಮಗಳ ಹಾಗೇ ಇದ್ದೀಯ' ಅಂದರು. ಅದೊಂದು ನನಗೆ ಇಷ್ಟವಾಯಿತು.

ಬಿಳಿಯರು ಬಿಸಿಲಲ್ಲಿ ಮಲಗಿ ಮೈ ಕಪ್ಪು ಮಾಡಿಕೊಳ್ಳುವ ಟ್ಯಾನ್ ವಿಷಯ ಕೇಳಿರುತ್ತೀಯ. ಹೌದು, ನಿಜ. ಫ್ಲೋರಿಡಾಗೆ ರಜೆ ಹೋಗಿ ಬಂದ ಸಹೋದ್ಯೋಗಿ ತನ್ನ ಮುಂಗೈಯನ್ನು ನನ್ನ ಮುಂಗೈ ಪಕ್ಕ ಇಟ್ಟು 'ನಿನ್ನ ಬಣ್ಣಕ್ಕೆ ಬಂದುಬಿಟ್ಟೆ ನೋಡು' ಅಂತ ನಗುತ್ತಾಳೆ. ನಮ್ಮಮ್ಮ ನನಗೆ ಹದಿನೆಂಟು ವರ್ಷ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ತಿಕ್ಕಿದ್ದು ನೆನಪಾಗಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲಿ ನಮ್ಮವರು ತುಂಬಾ ಜನ ಎಡವುತ್ತಾರೆ, 'ನೋಡಿ, ಅವರು ನಮ್ಮ ಬಣ್ಣಕ್ಕೆ ಆಸೆ ಪಡ್ತಾರೆ' ಅಂತ. ಇಲ್ಲಮ್ಮ. ಅವರಿಗೆ ಬೇಕಿರುವುದು ರಜೆಯ ಗುರುತು. ಬೀಚಿಗೆ ಹೋಗಿ ಮಲಗುವಷ್ಟು ಸಮಯ, ದುಡ್ಡು ಇದೆ ಅಂತ ತೋರಿಸುವ ಬಣ್ಣ. ನವೆಂಬರ್ ಹೊತ್ತಿಗೆ ಅದು ಇಳಿದು ಹೋಗುತ್ತದೆ, ನಮ್ಮದು ಹೋಗಲ್ಲ.

ಮೇಕಪ್ ವಿಷಯದಲ್ಲಿ ನೀನು ಅದೃಷ್ಟವಂತೆ. ನಾನು ಬಂದಾಗ ಮಾಲ್‌ನ ಕೌಂಟರಿನಲ್ಲಿ ಹುಡುಗಿ ಮೂರು ಫೌಂಡೇಶನ್ ಹಚ್ಚಿ ನೋಡಿದಳು. ಒಂದು ಸುಣ್ಣ ಬಳಿದ ಹಾಗೆ, ಇನ್ನೊಂದು ಇಟ್ಟಿಗೆ, ಮೂರನೆಯದು ಬೂದಿ. ಕೊನೆಗೆ ಅವಳೇ ಪಾಪ ಸಾರಿ ಅಂದಳು. 2017ರಲ್ಲಿ ಹಾಡುಗಾರ್ತಿ ರಿಹಾನಾ ಅವರ ಮೇಕಪ್ ಕಂಪನಿ ಫೆಂಟಿ ಬ್ಯೂಟಿ ಒಂದೇ ಸಲ 40 ಬಣ್ಣದಲ್ಲಿ ಫೌಂಡೇಶನ್ ಬಿಟ್ಟ ಮೇಲೆ ಉಳಿದ ಕಂಪನಿಗಳಿಗೂ ನಮ್ಮಂಥವರು ಕಂಡರು. ಈಗ ಸಾಮಾನ್ಯ ಅಂಗಡಿಯಲ್ಲೂ ನಿನ್ನ ಬಣ್ಣ ಸಿಗುತ್ತದೆ. ಮಗಳ ಕ್ರೇಯಾನ್ ಡಬ್ಬಿಯೂ ಹಾಗೇ. ಕ್ರಯೋಲಾ ಕಂಪನಿ 1962ರವರೆಗೆ ತಿಳಿಗುಲಾಬಿ ಬಣ್ಣವೊಂದಕ್ಕೆ 'ಫ್ಲೆಶ್', ಅಂದರೆ ಮೈಬಣ್ಣ ಅಂತಲೇ ಹೆಸರಿಟ್ಟಿತ್ತು, ಆಮೇಲೆ ಪೀಚ್ ಅಂತ ಬದಲಿಸಿತು. 2020ರಲ್ಲಿ ಬರೀ ಚರ್ಮದ ಬಣ್ಣಗಳದ್ದೇ 24 ಕಡ್ಡಿಗಳ ಡಬ್ಬಿ ತಂದಿತು. ಇದರಲ್ಲಿ ಒಂದು ತಮಾಷೆ ಇದೆ. ಅವರ ಹಳೇ ಡಬ್ಬಿಯಲ್ಲಿ 'ಇಂಡಿಯನ್ ರೆಡ್' ಅಂತ ಒಂದು ಬಣ್ಣವಿತ್ತು. ಅದು ಅಮೆರಿಕದ ಮೂಲನಿವಾಸಿಗಳ ಚರ್ಮದ ಬಣ್ಣ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ ಅಂತ ಟೀಚರುಗಳು ಹೇಳಿದ್ದಕ್ಕೆ 1999ರಲ್ಲಿ ಹೆಸರು ಬದಲಿಸಿದರು. ನಿಜವಾಗಿ ಆ ಹೆಸರು ನಮ್ಮ ಕಡೆಯ ಕೆಮ್ಮಣ್ಣಿನ ಬಣ್ಣದಿಂದ ಬಂದದ್ದು. ಊರಲ್ಲಿ ಗೋಡೆಯ ಅಂಚಿಗೆ ಜಾಜು ಬಳಿಯುತ್ತಾರಲ್ಲ, ಹೆಚ್ಚುಕಮ್ಮಿ ಅದೇ.

ಬೊಟ್ಟು ಇಡಬಹುದಾ ಅಂದೆ. ಇಡು. ಆದರೆ ನೀನು ಇರಲು ಹೊರಟಿರುವ ಜೆರ್ಸಿ ಸಿಟಿಯ ಕಥೆ ನಿನಗೆ ಗೊತ್ತಿರಲಿ. 1987ರಲ್ಲಿ ಇಲ್ಲಿ 'ಡಾಟ್‌ಬಸ್ಟರ್ಸ್' ಅಂತ ಒಂದು ಗುಂಪಿತ್ತು. ಡಾಟ್ ಅಂದರೆ ನಮ್ಮ ಹಣೆಯ ಬೊಟ್ಟೇ. ಏನು ಮಾಡಿಯಾದರೂ ಇಂಡಿಯನ್ನರನ್ನು ಊರು ಬಿಡಿಸುತ್ತೇವೆ ಅಂತ ಪೇಪರಿಗೆ ಪತ್ರ ಬರೆದಿದ್ದರು. ಅದೇ ವರ್ಷ ಪಕ್ಕದ ಹೊಬೊಕೆನ್‌ನಲ್ಲಿ ನವರೋಜ್ ಮೋದಿ ಅನ್ನುವವರನ್ನು ಹುಡುಗರ ಗುಂಪು ಹೊಡೆದು ಕೊಂದಿತು. ಅವರು ಪಾರ್ಸಿ, ಬೊಟ್ಟಿಗೂ ಅವರಿಗೂ ಸಂಬಂಧವೇ ಇಲ್ಲ. ದ್ವೇಷ ಮಾಡುವವರು ಯಾವತ್ತೂ ವಿಚಾರಿಸಿ ಹೊಡೆಯಲ್ಲ. 2001ರ ಸೆಪ್ಟೆಂಬರ್ 11 ಆಗಿ ನಾಲ್ಕೇ ದಿನಕ್ಕೆ ಅರಿಜೋನಾದಲ್ಲಿ ಬಲ್‌ಬೀರ್ ಸಿಂಗ್ ಸೋಧಿಯವರನ್ನು ಪೇಟ ನೋಡಿ ಅರಬ್ ಅಂತ ಕೊಂದರು. 2017ರಲ್ಲಿ ಕಾನ್ಸಾಸ್‌ನಲ್ಲಿ ಶ್ರೀನಿವಾಸ್ ಕೂಚಿಭೋಟ್ಲ ಅವರನ್ನು ಇರಾನಿನವರು ಅಂದುಕೊಂಡು. ಹೆದರಿಸಲು ಹೇಳುತ್ತಿಲ್ಲ. ಇದೇ ಜೆರ್ಸಿ ಸಿಟಿಯಲ್ಲಿ ಈಗ ಜರ್ನಲ್ ಸ್ಕ್ವೇರ್ ಹತ್ತಿರ ಇಡೀ ಒಂದು ಬೀದಿ ನಮ್ಮ ಅಂಗಡಿಗಳೇ, ನಾನು ಬೊಟ್ಟು ಇಟ್ಟುಕೊಂಡೇ ರೈಲು ಹತ್ತುತ್ತೇನೆ. ರಾತ್ರಿ ಹೊತ್ತು ಯಾರಾದರೂ ಕುಡಿದು ಕೂಗಿದರೆ ಉತ್ತರ ಕೊಡಲು ಹೋಗಬೇಡ, ರೈಲಿನ ಡಬ್ಬಿ ಬದಲಿಸು, ಅಷ್ಟೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನನ್ನ ಬಣ್ಣದ ಬಗ್ಗೆ ಇಲ್ಲಿ ನಾನು ಕೇಳಿದ ಮಾತುಗಳಲ್ಲಿ ಮುಕ್ಕಾಲು ಪಾಲು ನಮ್ಮವರದೇ. 2013ರ ಸೆಪ್ಟೆಂಬರ್‌ನಲ್ಲಿ ಇದೇ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ನೀನಾ ದಾವುಲೂರಿ ಮಿಸ್ ಅಮೆರಿಕ ಆದರು. ತೆಲುಗು ಮನೆಯ ಹುಡುಗಿ, ಆ ಕಿರೀಟ ಗೆದ್ದ ಮೊದಲ ಭಾರತೀಯ ಮೂಲದವರು. ಆ ರಾತ್ರಿ ಟ್ವಿಟರ್‌ನಲ್ಲಿ ಇಲ್ಲಿಯವರು ಅವರನ್ನು ಅರಬ್, ಟೆರರಿಸ್ಟ್ ಅಂತೆಲ್ಲ ಬೈದರು. ಅದಕ್ಕೆ ನಮಗೆಲ್ಲ ಸಿಟ್ಟು ಬಂತು. ವಾರದ ಕೊನೆಗೆ ನಮ್ಮವರೆಲ್ಲ ಪಾಟ್‌ಲಕ್‌ನಲ್ಲಿ, ಅಂದರೆ ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟಕ್ಕೆ, ಸೇರಿದಾಗ ಅದೇ ಮಾತು. ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಒಬ್ಬರು, 'ಆದ್ರೆ ನಮ್ ಕಡೆ ಸ್ಪರ್ಧೆಗೆ ನಿಂತಿದ್ರೆ ಈ ಹುಡುಗಿ ಮೊದಲ್ನೇ ಸುತ್ತೂ ದಾಟ್ತಿರಲಿಲ್ಲ, ತುಂಬಾ ಕಪ್ಪು' ಅಂದರು. ಎಲ್ಲರೂ ಹೌದು ಹೌದು ಅಂತ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬರುವಾಗ ಕಾರಿನಲ್ಲಿ ನಾಚಿಕೆಯಾಯಿತು.

ನನ್ನ ಮೊದಲ ರೂಮ್‌ಮೇಟ್ ಬೆಳ್ಳಗಿದ್ದಳು, ಶಿರಸಿ ಕಡೆಯವಳು. ದಿಲ್ಲಿ ಹುಡುಗನೊಬ್ಬ 'ನೀನು ಸೌತ್ ಇಂಡಿಯನ್ ತರ ಕಾಣೋದೇ ಇಲ್ಲ' ಅಂದಿದ್ದಕ್ಕೆ ಇಡೀ ದಿನ ಕುಣಿದಳು. ನನಗೆ ಹೊಟ್ಟೆ ಉರಿಯಿತು, ಅವಳ ಮೇಲೆ ಸಿಟ್ಟು ಬರುವ ಬದಲು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಹೆಣ್ಣು ಹುಡುಕುವ ಬಯೋಡೇಟಾದಲ್ಲೂ 'ಫೇರ್' ಅಂತ ಇರುತ್ತದೆ ನೋಡು. 2020ರಲ್ಲಿ ಶಾದಿ ಡಾಟ್ ಕಾಮ್ ಚರ್ಮದ ಬಣ್ಣ ಆರಿಸುವ ಫಿಲ್ಟರ್ ತೆಗೆದದ್ದು ಇಲ್ಲಿಯ ಡಲ್ಲಾಸ್‌ನ ನಮ್ಮ ಹೆಣ್ಣುಮಗಳೊಬ್ಬಳು ಸಹಿ ಸಂಗ್ರಹ ಶುರುಮಾಡಿದ ಮೇಲೆ. ಅದೇ ವರ್ಷ, 1975ರಿಂದ ನಮ್ಮ ತಲೆ ತಿಂದ ಫೇರ್ ಅಂಡ್ ಲವ್ಲಿ, ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಹೋಯಿತು, ಟ್ಯೂಬ್ ಉಳಿಯಿತು. ಕೃಷ್ಣನೂ ಕಪ್ಪು ಅಲ್ವಾ ಅಂತ ಸಮಾಧಾನ ಹೇಳುವವರೂ ಸಿಗುತ್ತಾರೆ, ಮಗನಿಗೆ ಹೆಣ್ಣು ನೋಡುವಾಗ ಅವರಿಗೇ ಕೃಷ್ಣ ನೆನಪಾಗಲ್ಲ.

ನನ್ನ ಮಗಳಿಗೆ ಈಗ ಹನ್ನೊಂದು. ಬೇಸಿಗೆಯಲ್ಲಿ ಈಜು ತಂಡ ಸೇರಿದಳು, ದಿನಾ ಬೆಳಿಗ್ಗೆ ಎರಡು ಗಂಟೆ ಬಿಸಿಲಲ್ಲಿ. ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ ಒಬ್ಬ ಆಂಟಿ ಅವಳ ಗಲ್ಲ ಹಿಡಿದು 'ಅಯ್ಯೋ, ಎಷ್ಟು ಕಪ್ಪಾಗ್ಬಿಟ್ಟಿದೀಯ ಪುಟ್ಟಿ' ಅಂದರು. ಪ್ರೀತಿಯಿಂದಲೇ ಅಂದದ್ದು. ಮಗಳಿಗೆ ಕನ್ನಡ ಅರ್ಧಂಬರ್ಧ. ಕಾರಿನಲ್ಲಿ ಕೇಳಿದಳು, 'ಅಮ್ಮಾ, ಕಪ್ಪು ಅಂದ್ರೆ ಬ್ಲ್ಯಾಕ್ ತಾನೇ? ಅವರು ಯಾಕೆ ಸ್ಯಾಡ್ ಆಗಿ ಹೇಳಿದ್ರು?' ಸ್ಕೂಲಿನಲ್ಲಿ ಅವಳ ಜೀವದ ಗೆಳತಿ ಕಪ್ಪು ಹುಡುಗಿ, ಇಲ್ಲಿ ಆ ಪದ ಒಂದು ಜನದ ಹೆಸರು. ಅವಳಿಗೆ ಏನು ಹೇಳಲಿ? ನೀನೂ ಇಲ್ಲಿಗೆ ಬಂದ ಮೇಲೆ ಇದೊಂದು ಗಮನಿಸು. ಬಿಳಿಯರು ನಮ್ಮನ್ನು ಹೇಗೆ ನೋಡುತ್ತಾರೆ ಅಂತ ಕೇಳುವ ನಾವು, ಕರಿಯರ ಬಡಾವಣೆ ಅಂದ ಕೂಡಲೇ 'ಅಲ್ಲಿ ಮನೆ ಬೇಡ' ಅನ್ನುತ್ತೇವೆ. ನಿನ್ನ ಸೀನಿಯರ್‌ಗಳೂ ಅದೇ ಸಲಹೆ ಕೊಡುತ್ತಾರೆ. ರೂಮು ನೋಡುವಾಗ ಬಾಡಿಗೆ, ಬಸ್ಸು, ರಾತ್ರಿ ದೀಪ ಇದೆಯಾ, ಇಷ್ಟು ನೋಡು.

ಕೊನೆಗೆ ಚಿಕ್ಕಮ್ಮನ ಆರು ಟ್ಯೂಬ್. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವ ಬೆಳ್ಳಗಾಗುವ ಟ್ಯೂಬಿನಲ್ಲಿ ಎಷ್ಟೋ ಸಲ ಸ್ಟಿರಾಯ್ಡ್, ಚರ್ಮದ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಎರಡೂ ಇರುತ್ತವೆ. ಹಿಂದೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಓದು. ಸ್ಟಿರಾಯ್ಡ್ ಹಚ್ಚಿದ ಮೊದಲ ತಿಂಗಳು ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ, ನಿಲ್ಲಿಸಿದರೆ ಕೆಂಪಗೆ ಉರಿ, ಮೊಡವೆ, ಕೂದಲು. ನನ್ನ ತಂಗಿಗೆ ಆಗಿದೆ, ಎರಡು ವರ್ಷ ಬೇಕಾಯಿತು ಸರಿಹೋಗಲು. ಹೈಡ್ರೋಕ್ವಿನೋನ್ ಇಲ್ಲಿ 2020ರಿಂದ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ನೀನು ಈಗಾಗಲೇ ಹಚ್ಚುತ್ತಿದ್ದರೆ ಮಾತ್ರ ಒಂದೇ ಸಲ ನಿಲ್ಲಿಸಬೇಡ, ಹೊರಡುವ ಮೊದಲು ಚರ್ಮದ ಡಾಕ್ಟರನ್ನು ನೋಡು. ಚಿಕ್ಕಮ್ಮ 'ಚಳಿ ದೇಶಕ್ಕೆ ಹೋದ್ರೆ ತಾನೇ ಬೆಳ್ಳಗಾಗ್ತೀಯ' ಅಂದರಂತಲ್ಲ, ಆಗಲ್ಲ. ಜನವರಿಯಲ್ಲಿ ಮೊಣಕಾಲು, ಮೊಣಕೈ ಬೂದಿ ಬಳಿದ ಹಾಗೆ ಒಣಗುತ್ತವೆ, ಅಷ್ಟೇ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿರುತ್ತದೆ, ಬಿಸಿನೀರಿನಲ್ಲಿ ಇಟ್ಟು ಕರಗಿಸಿಕೋ. ಬಿಸಿಲು ಕಮ್ಮಿ, ನಮ್ಮ ಚರ್ಮಕ್ಕೆ ವಿಟಮಿನ್ ಡಿ ಮಾಡಲು ಬಿಸಿಲು ಜಾಸ್ತಿ ಬೇಕು. ಮೊದಲ ಚಳಿಗಾಲದಲ್ಲೇ ರಕ್ತ ಪರೀಕ್ಷೆ ಮಾಡಿಸು, ಸುಸ್ತು ಅಂತ ಸುಮ್ನೆ ಮಲಗಿಬಿಡಬೇಡ.

ಟ್ಯೂಬ್ ತೆಗೆದರೆ ಸೂಟ್‌ಕೇಸಿನಲ್ಲಿ ಸ್ವಲ್ಪ ಜಾಗ ಆಗುತ್ತದಲ್ಲ, ಅಲ್ಲಿಗೆ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತುಂಬಿಕೋ. ಇಲ್ಲಿ ಒಂದು ಹಾಳೆಗೆ ಎರಡು ಮೂರು ಡಾಲರ್ ಕೇಳುತ್ತಾರೆ, ಅಂಟು ಬೇರೆ ನಿಲ್ಲಲ್ಲ. ನನಗೂ ನಾಲ್ಕು ತಾ. ಕಡುಗೆಂಪು, ಸಣ್ಣ ಸೈಜು, ಹೊಳಪಿನದು ಬೇಡ.