ಸಂಸಾರ ಮಾಡಬೇಡಿ ಅಂದರೆ ಮಾತಾಡಬೇಡಿ ಅಂತ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಿಲ್ಲ. ಬೆಲ್ ಆಗಿತ್ತು, ಒಂಬತ್ತು ಬಿ ತರಗತಿಗೆ ಓಡಬೇಕಿತ್ತು. ಸ್ವಲ್ಪ ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

"ಅಲ್ಲ ಕಣೇ, ಕೇರಳದಲ್ಲಿ ಇದ್ಕೊಂಡು ಮಕ್ಕಳಿಗೆ ಕನ್ನಡ ಮೀಡಿಯಂ ಯಾಕೆ? ಪಾಪ. ಸುಮ್ನೆ ಮಲಯಾಳಂ ಕಲಿತುಬಿಟ್ರೆ ಆಯ್ತಲ್ವಾ?" ಅಂದೆ. ಅಷ್ಟಕ್ಕೆ ನಿಲ್ಲಿಸದೆ, ನಿಮ್ಮ ಆಫೀಸಿನವರೆಲ್ಲ ಸೇರಿ ಹತ್ತನೇ ತರಗತಿಯ ಗೈಡ್ ಕಳಿಸ್ತೀವಿ, ಎಷ್ಟು ಬೇಕು ಹೇಳು ಅಂತಲೂ ಅಂದೆ. ನಿನ್ನ ಮನಸ್ಸು ಒಳ್ಳೆಯದು ಮಾರಾಯ್ತಿ. ಬಿ.ಎಡ್.ನಲ್ಲಿ ಒಂದೇ ಬೆಂಚಿನಲ್ಲಿ ಕೂತವಳಲ್ವಾ ನೀನು, ನನಗೆ ಗೊತ್ತಿಲ್ಲವಾ. ಆದರೆ ಆ "ಪಾಪ" ಇದೆಯಲ್ಲ, ಅದು ತಲಪಾಡಿಯ ಗಡಿ ದಾಟಿ ಕಾಸರಗೋಡಿಗೆ ಬರುವಾಗ ಬೇರೆ ಥರ ಕೇಳುತ್ತದೆ.

ಮೊದಲು "ಕೇರಳದಲ್ಲಿ ಇದ್ದುಕೊಂಡು" ಅನ್ನುವುದನ್ನು ಮುಗಿಸುತ್ತೇನೆ. ನನ್ನ ಅಜ್ಜಿ ಕೇರಳಕ್ಕೆ ಹೋದವಳಲ್ಲ. ಅವಳು ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಾ ಇದ್ದಳು. 1956ರ ನವೆಂಬರ್ 1ಕ್ಕೆ ಕೇರಳವೇ ಅವಳಿದ್ದಲ್ಲಿಗೆ ಬಂತು. ಹಿಂದಿನ ದಿನದವರೆಗೆ ನಮ್ಮದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದದ ಮಹಾಜನ ವರದಿ 1967ರಲ್ಲಿ ಹೇಳಿತು. ವರದಿ ಕಪಾಟಿನಲ್ಲಿದೆ, ನಾವು ಇಲ್ಲಿದ್ದೇವೆ. 1984ರಲ್ಲಿ ನಮ್ಮದೇ ಒಂದು ಜಿಲ್ಲೆಯೂ ಆಯಿತು. ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಮೀನು ಸಾರಿನ ಹೊತ್ತಿಗೆ ವಾಪಸ್ ಬರಬಹುದು. ತಿರುವನಂತಪುರಕ್ಕಾದರೆ ರೈಲಿನಲ್ಲಿ ಒಂದಿಡೀ ರಾತ್ರಿ ಬೇಕು.

ಇನ್ನು ಮಲಯಾಳ. ನಮ್ಮ ಮಕ್ಕಳಿಗೆ ಬರುವುದಿಲ್ಲ ಅಂತ ಯಾರು ಹೇಳಿದ್ದು ನಿನಗೆ? ಭಾಷಣ ಮಾಡುವವರು ಇದನ್ನು ಸಪ್ತ ಭಾಷೆಗಳ ನಾಡು ಅನ್ನುತ್ತಾರೆ. ಏಳನ್ನೂ ಎಣಿಸಿ ಅಂದರೆ ಐದಕ್ಕೆ ನಿಲ್ಲುತ್ತಾರೆ, ಅದು ಬೇರೆ ಮಾತು. ನನ್ನ ತರಗತಿಯಲ್ಲೇ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡದ ಮನೆಗಳಿವೆ. ಒಬ್ಬಳು ಮನೆಯಲ್ಲಿ ತುಳು ಮಾತಾಡುತ್ತಾಳೆ, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಎಂಥದೋ ಒಂದು. ಆದರೆ ಕಂಡಕ್ಟರನ ಹತ್ತಿರ ಚಿಲ್ಲರೆಗೆ ಜಗಳ ಆಡುವಷ್ಟು ಮಲಯಾಳ ಬೇರೆ, ಗಣಿತದ ಪ್ರಮೇಯ ತಲೆಗೆ ಹೋಗುವಷ್ಟು ಮಲಯಾಳ ಬೇರೆ. ಎಣ್ಮಕಜೆ, ದೇಲಂಪಾಡಿ ಕಡೆಯ ಒಳಗಿನ ಮನೆಗಳಲ್ಲಿ ಕೆಲವು ಮಕ್ಕಳಿಗೆ ಆ ಜಗಳದ ಮಲಯಾಳವೂ ಇರುವುದಿಲ್ಲ.

ಗೈಡ್ ಯಾಕೆ ಬೇಡ ಅಂದರೆ, ನಮ್ಮದು ಕೇರಳದ ಪಠ್ಯ. ಇಲ್ಲಿಯ ಪುಸ್ತಕವೇ ಕನ್ನಡಕ್ಕೆ ಅನುವಾದವಾಗಿ ಬರುತ್ತದೆ. ನಿಮ್ಮ ಕರ್ನಾಟಕದ್ದರಲ್ಲಿ ಗಣಿತ ಕೇಂದ್ರದ ಎನ್‌ಸಿಇಆರ್‌ಟಿಯದ್ದು. ಪಾಠ ಬೇರೆ, ಪ್ರಶ್ನೆ ಕೇಳುವ ರೀತಿ ಬೇರೆ, ಕೆಲವು ಕಡೆ ಪದಗಳೂ ಬೇರೆ. ಪ್ರತಿ ವರ್ಷ ಬೆಂಗಳೂರಿನಿಂದ ಯಾರಾದರೂ ಒಳ್ಳೆಯವರು ಕಾರಿನಲ್ಲಿ ಬಂದು ಪಾಸಿಂಗ್ ಪ್ಯಾಕೇಜ್ ಹಂಚಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. "ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು" ಸಿನಿಮಾ ಬಂದ ಮೇಲೆ ಇದು ಜಾಸ್ತಿಯಾಗಿದೆ. ನಾವು ನಗುತ್ತಾ ತೆಗೆದುಕೊಂಡು ಲೈಬ್ರರಿಯ ಮೂಲೆಯಲ್ಲಿ ಇಡುತ್ತೇವೆ. ಹೋದ ಮಳೆಗಾಲದಲ್ಲಿ ಗೆದ್ದಲು ಹಿಡಿಯಿತು.

ನಮಗೆ ನಿತ್ಯ ಕಾಡುವುದು ಪದಗಳು. ಕಟ್ಟಡ ಉಂಟು, ಸ್ಮಾರ್ಟ್ ಕ್ಲಾಸ್ ಉಂಟು, ಮಧ್ಯಾಹ್ನದ ಊಟ ಉಂಟು. ಸರ್ಕಾರಿ ಶಾಲೆಯ ಮಟ್ಟಿಗೆ ಕೇರಳಕ್ಕೆ ಹೆಸರು ಇಡುವ ಹಾಗಿಲ್ಲ, ನ್ಯಾಯವಾಗಿ ಹೇಳಬೇಕು. ಆದರೆ ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ತರಬೇತಿ ಮಲಯಾಳದಲ್ಲಿ ನಡೆಯುತ್ತದೆ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬರುವವರೇ ಬರಬೇಕು, ಕಾಗದದಲ್ಲಿ ಹಾಗೆಯೇ ಇರುತ್ತದೆ. ಹಾಗಿದ್ದೂ ಕೆಲವು ವರ್ಷಕ್ಕೊಮ್ಮೆ ಯಾವುದೋ ಶಾಲೆಗೆ ಕನ್ನಡ ಗೊತ್ತಿಲ್ಲದವರು ಬಂದು ಇಳಿಯುತ್ತಾರೆ. ಮಾರನೇ ದಿನ ಪೇಪರಿನಲ್ಲಿ ಮಕ್ಕಳು ಗೇಟಿನ ಹತ್ತಿರ ಕೂತ ಫೋಟೋ.

ನಮ್ಮಲ್ಲಿಗೂ ಒಬ್ಬರು ಬಂದರು. ಗಣಿತದ ಟೀಚರ್, ಕೊಲ್ಲಂ ಕಡೆಯವರು. ಮೊದಲ ವಾರ ತರಗತಿಯಲ್ಲಿ "ಸಂಸಾರ ಮಾಡಬೇಡಿ" ಅಂದರು. ಮಲಯಾಳದಲ್ಲಿ ಸಂಸಾರ ಅಂದರೆ ಮಾತು. ಹತ್ತನೇ ತರಗತಿಯ ನಲವತ್ತು ಮಕ್ಕಳು ಬೆಂಚು ಬಡಿದು ನಕ್ಕರು. ಮಾರನೇ ದಿನ "ಅನುವಾದ ಕೇಳದೆ ಹೊರಗೆ ಹೋಗಬಾರದು" ಅಂದರು. ಅಲ್ಲಿ ಅನುವಾದ ಅಂದರೆ ಅಪ್ಪಣೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, "ಟೀಚರ್, ಯಾವ ಭಾಷೆಗೆ?" ಅಂತ ಕೇಳಿದ. ಅವನಿಗೆ ಅರ್ಥ ಆಗಿತ್ತು, ಬೇಕೆಂದೇ ಕೇಳಿದ್ದು.

ನಗು ಎರಡು ವಾರ ಇತ್ತು. ಪಾಠ ಮುಂದೆ ಹೋಗಲಿಲ್ಲ. ಆಮೇಲೆ ಮಕ್ಕಳು ಮೂರು ದಿನ ತರಗತಿಗೆ ಹೋಗದೆ ಮಾವಿನ ಮರದ ಕೆಳಗೆ ಕೂತರು. ನಾನು ಅವರನ್ನು ತಡೆಯಲಿಲ್ಲ. ಜೊತೆಗೆ ಕೂರಲೂ ಇಲ್ಲ, ಸರ್ಕಾರಿ ಸಂಬಳ ನೋಡು. ಸ್ಟಾಫ್ ರೂಮಿನಲ್ಲಿ ಆ ಟೀಚರ್ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಎರಡು ವರ್ಷದ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬಂದವರು. "ಕೇಳಿ ಬಂದದ್ದಲ್ಲ ಟೀಚರೇ, ಕಳಿಸಿದರು, ಬಂದೆ" ಅಂದರು. ಅವರ ಬ್ಯಾಗಿನಲ್ಲಿ ಒಂದನೇ ತರಗತಿಯ ಕನ್ನಡ ಪುಸ್ತಕ ಇತ್ತು. ಅದನ್ನು ನೋಡಿದ್ದು ನಾನಲ್ಲ, ತರಗತಿಯ ಲೀಡರ್ ಹುಡುಗಿ. ಹಾಜರಿ ಪುಸ್ತಕ ತರಲು ಬಂದವಳು ಕಂಡಳು. ಹೋಗಿ ಮರದ ಕೆಳಗೆ ಹೇಳಿದಳು.

ನಾಲ್ಕನೇ ದಿನ ಅವಳೇ ಬಂದು ನನ್ನ ಹತ್ತಿರ ಕೇಳಿದಳು, "ಟೀಚರ್, ಸಂಜೆ ನಾಲ್ಕೂವರೆಯಿಂದ ಐದೂವರೆವರೆಗೆ ಒಂದು ಕ್ಲಾಸ್ ಬೀಗ ಹಾಕದೆ ಇಡ್ತೀರಾ?"

ಹಾಗೆ ಶುರುವಾದದ್ದು. ಇನ್ನೂರು ಪುಟದ ಒಂದು ಗೆರೆ ಪುಸ್ತಕ ತಂದು ಪ್ರತಿ ಪುಟಕ್ಕೆ ಎರಡು ಉದ್ದ ಗೆರೆ ಎಳೆದು ಮೂರು ಭಾಗ ಮಾಡಿದರು. ಟೀಚರ್ ಹೇಳುವ ಮಲಯಾಳ ಪದ ಕನ್ನಡ ಅಕ್ಷರದಲ್ಲಿ ಒಂದು ಕಡೆ, ಪುಸ್ತಕದ ಕನ್ನಡ ಪದ ನಡುವೆ, ಇಂಗ್ಲಿಷ್ ಕೊನೆಗೆ. ಸಮಾಂತರ ಶ್ರೇಢಿ ಎರಡರಲ್ಲೂ ಹತ್ತಿರ ಹತ್ತಿರ ಒಂದೇ, ಅದು ಅರ್ಧ ಗಂಟೆಯಲ್ಲಿ ಮುಗಿಯಿತು. ವೃತ್ತಕ್ಕೆ ಬಂದಾಗ ಸಿಕ್ಕಿಬಿದ್ದೆವು. ವ್ಯಾಸ ಸರಿ. ತ್ರಿಜ್ಯಕ್ಕೆ ಅವರು ಆರಂ ಅನ್ನುತ್ತಾರೆ. ಸುತ್ತಳತೆಗೆ ಚುಟ್ಟಳವ್, ಇದು ಮಕ್ಕಳಿಗೆ ತಕ್ಷಣ ಹತ್ತಿತು. ಆಮೇಲೆ ಟೀಚರ್ "ಞಾಣ್" ಅಂದರು. ಪುಸ್ತಕದಲ್ಲಿ "ಜ್ಯಾ" ಅಂತ ಇತ್ತು. ಮಕ್ಕಳಿಗೆ ಎರಡೂ ಅರ್ಥ ಆಗಲಿಲ್ಲ. ನಾನು ಸಮಾಜ ಪಾಠದವಳು, ನನಗೂ ಆಗಲಿಲ್ಲ.

ಟೀಚರ್ ಬೋರ್ಡಿನಲ್ಲಿ ಒಂದು ವೃತ್ತ ಬರೆದು, ಅದರ ಬದಿಯ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರು. ಆಗ "ಯಾವ ಭಾಷೆಗೆ" ಅಂತ ಕೇಳಿದ್ದ ಅದೇ ಹುಡುಗ ಎದ್ದ. ಶಾಲೆಯ ಯಕ್ಷಗಾನದಲ್ಲಿ ಅವನದ್ದು ಅರ್ಜುನನ ವೇಷ. ಕುಂಬಳೆ ಸೀಮೆ ಇದು, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು, ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಅವನು ಚಾಕ್ ತೆಗೆದುಕೊಂಡು ಗೆರೆಯ ಕೆಳಗಿನ ವೃತ್ತವನ್ನೆಲ್ಲ ಅಂಗೈಯಲ್ಲಿ ಒರೆಸಿದ. ಉಳಿದದ್ದು ಒಂದು ಬಿಲ್ಲು. "ಟೀಚರ್, ಇದು ಹೆದೆ ಅಲ್ವಾ?" ಅಂದ. ನೋಡಿದರೆ ಞಾಣ್ ಅಂದರೆ ಬಿಲ್ಲಿನ ಹಗ್ಗ. ಜ್ಯಾ ಅಂದರೂ ಅದೇ. ಟೀಚರ್ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೂರು ಭಾಗದ ಪುಸ್ತಕದಲ್ಲಿ ಆ ಸಾಲಿಗೆ ಮಾತ್ರ ನಾಲ್ಕನೆಯ ಪದವೊಂದು ಅಂಚಿನಲ್ಲಿ ಉಂಟು, ಹೆದೆ ಅಂತ.

ಸ್ಪರ್ಶಕಕ್ಕೆ ಮಲಯಾಳದಲ್ಲಿ ತೊಡುವರ. ತೊಡು ಅಂದರೆ ಮುಟ್ಟು, ವರ ಅಂದರೆ ಗೆರೆ. ನಮ್ಮವರು ಕೂಡಲೇ "ಮುಟ್ಟುಗೆರೆ" ಮಾಡಿಬಿಟ್ಟರು. ಪರೀಕ್ಷೆಯಲ್ಲಿ ಸ್ಪರ್ಶಕ ಅಂತಲೇ ಬರೆಯಬೇಕು, ಆದರೆ ಈಗ ಎಂಟನೇ ತರಗತಿಯವರ ಬಾಯಲ್ಲೂ ಮುಟ್ಟುಗೆರೆಯೇ. ಈ ಒಂದು ವಿಷಯದಲ್ಲಿ ನನಗೆ ಮಲಯಾಳದವರ ಮೇಲೆ ಹೊಟ್ಟೆಕಿಚ್ಚು. ಅವರು ಮನೆಯ ಮಾತನ್ನೇ ಗಣಿತಕ್ಕೆ ತಂದರು. ನಾವು ಗಣಿತಕ್ಕೆ ಅಂತ ಸಂಸ್ಕೃತವನ್ನು ಮಡಿ ಉಡಿಸಿ ಕೂರಿಸಿದೆವು.

ಆ ವರ್ಷ ಓಣಂ ಪರೀಕ್ಷೆಯಲ್ಲಿ ಗಣಿತ ಎಲ್ಲರದ್ದೂ ಕೆಟ್ಟಿತು. ಕ್ರಿಸ್‌ಮಸ್ ಪರೀಕ್ಷೆಗೆ ಪರವಾಗಿಲ್ಲ ಅನ್ನುವ ಹಾಗಾಯಿತು. ಮಾರ್ಚಿನ ಎಸ್ಸೆಸ್ಸೆಲ್ಸಿಯಲ್ಲಿ ಯಾರೂ ಬೀಳಲಿಲ್ಲ. ಹೆದೆಯ ಹುಡುಗನಿಗೆ ಬಿ ಪ್ಲಸ್. ಸಮಾರಂಭ ಮಾಡಿದರು, ಶಾಲು ಹೊದೆಸಿದರು. ವೇದಿಕೆಯಲ್ಲಿ ಒಬ್ಬರು, ಮಕ್ಕಳೇ ಗುರುಗಳಿಗೆ ಗುರುಗಳಾದ ಮಾದರಿ ಶಾಲೆ ಅಂತ ಹೊಗಳಿದರು. ಚಪ್ಪಾಳೆ ಬಿತ್ತು.

ನಾನು ತಟ್ಟಲಿಲ್ಲ. ನಿನಗೆ ಇದನ್ನು ಹೇಳಬಹುದು. ಆ ಲೀಡರ್ ಹುಡುಗಿ ದಿನಾ ಒಂದು ಗಂಟೆ ಟೀಚರಿಗೆ ಕನ್ನಡ ಹೇಳಿಕೊಟ್ಟು, ಕೊನೆಯ ಬಸ್ಸು ತಪ್ಪಿದ ದಿನ ಮೂರು ಕಿಲೋಮೀಟರ್ ನಡೆದು, ಮನೆಯಲ್ಲಿ ದನದ ಹಟ್ಟಿಯ ಕೆಲಸ ಮುಗಿಸಿ ಆಮೇಲೆ ಓದಲು ಕೂರಬೇಕಿತ್ತು. ಅದೇ ಪ್ರಾಯದ ಮಲಯಾಳ ಮಾಧ್ಯಮದ ಹುಡುಗಿ ಆ ಒಂದು ಗಂಟೆಯಲ್ಲಿ ಗಣಿತ ಮಾಡುತ್ತಾಳೆ. ನನ್ನ ಮಕ್ಕಳ ಬಗ್ಗೆ ನನಗೆ ಹೆಮ್ಮೆ ಉಂಟು, ಬೇಕಾದಷ್ಟು ಉಂಟು. ಆದರೆ ಹದಿನೈದರ ಮಗು ತುಂಬಿದ ಹೊಂಡವನ್ನು ತೋಡಿದವರಿಗೂ ಶಾಲು ಹೊದೆಸಿದರೆ ಹೇಗೆ?

ಹಾಗೆಂದು ನಾವು ಸುಮ್ಮನೆ ಕೂತವರೂ ಅಲ್ಲ. 2017ರಲ್ಲಿ ಕೇರಳದ ಶಾಲೆಗಳಲ್ಲೆಲ್ಲ ಹತ್ತನೇ ತರಗತಿಯವರೆಗೆ ಮಲಯಾಳ ಕಡ್ಡಾಯ ಎಂಬ ಕಾನೂನು ಬಂದಾಗ ಇಡೀ ಗಡಿನಾಡು ಬೀದಿಗೆ ಇಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಹತ್ತಿರದ ಪೆರಡಾಲದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಲೇ ಕಾಸರಗೋಡಿನ ಹೋರಾಟ ಮಾಡಿದವರು. ಕವಿ ಅಂತ ನಿಮಗೆ ಗೊತ್ತು, ನಮಗೆ ಅವರು ಮೊದಲು ಮಾಷ್ಟ್ರು. 2015ರಲ್ಲಿ ನೂರು ದಾಟಿ ತೀರಿಕೊಂಡರು, ಕಾಸರಗೋಡು ಇದ್ದಲ್ಲೇ ಇತ್ತು.

ಕೊರೊನಾಕ್ಕೆ ಶಾಲೆ ಮುಚ್ಚಿ, 2020ರ ಜೂನ್ 1ಕ್ಕೆ ಕೇರಳ ಸರ್ಕಾರದ ವಿಕ್ಟರ್ಸ್ ಚಾನೆಲಿನಲ್ಲಿ ಪಾಠ ಶುರುವಾದಾಗಲೂ ಹಾಗೆಯೇ. ಟಿವಿಯಲ್ಲಿ ಬಂದದ್ದು ಮಲಯಾಳ. ನಾನು ನಮ್ಮ ಜಗಲಿಯಲ್ಲಿ ನಿಂತು ಪಾಠ ಮಾಡಿದೆ, ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗ ಮೊಬೈಲ್ ಹಿಡಿದ. ಫ್ರೆಂಚ್ ಕ್ರಾಂತಿಯ ನಡುವೆ ಹಲಸಿನ ಹಣ್ಣು ಬಿದ್ದ ಶಬ್ದ ಈಗಲೂ ಆ ವಿಡಿಯೋದಲ್ಲಿ ಉಂಟು. ಬ್ಯಾಸ್ಟಿಲ್ ಬಿದ್ದದ್ದು ಹಾಗೆ ಅಂತ ಮಕ್ಕಳು ತಮಾಷೆ ಮಾಡುತ್ತಾರೆ.

ಜೂನ್ ಅಂದ ಕೂಡಲೇ ಇನ್ನೊಂದು ನೆನಪಾಯಿತು. ಇಲ್ಲಿ ಶಾಲೆ ಶುರುವಾದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಜನ್, ಡಿವಿಜನ್ ಮೇಲೆ ನಮ್ಮ ಹುದ್ದೆ. ಕನ್ನಡ ಡಿವಿಜನಿಗೆ ಮಕ್ಕಳು ಕಡಿಮೆಯಾದರೆ ಒಬ್ಬ ಟೀಚರ್ ಗಂಟುಮೂಟೆ ಕಟ್ಟಬೇಕು. ಅದಕ್ಕೇ ಮೇ ತಿಂಗಳ ಬಿಸಿಲಲ್ಲಿ ನಾವು, ಹಳೆಯ ವಿದ್ಯಾರ್ಥಿಗಳು, ರಕ್ಷಕ ಶಿಕ್ಷಕ ಸಂಘದವರು ಮನೆ ಮನೆಗೆ ಹೋಗುವುದು. ಮಜ್ಜಿಗೆ ಕೊಡುತ್ತಾರೆ, ಮಗುವನ್ನು ಕೊಡುವುದಿಲ್ಲ. ನನ್ನ ಸ್ವಂತ ತಮ್ಮನ ಮಗ ಹಳದಿ ಬಸ್ಸಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾನೆ. ಆ ಮನೆಯ ಗೇಟಿನ ಮುಂದೆ ಬಂದಾಗ ಜೊತೆಯವರು ನನ್ನ ಮುಖ ನೋಡುವುದಿಲ್ಲ, ಮುಂದಿನ ಮನೆಗೆ ನಡೆಯುತ್ತಾರೆ. "ಅಕ್ಕ, ನೀನು ಬೈಯಬೇಡ" ಅಂತಾನೆ ತಮ್ಮ. ಏನಂತ ಬೈಯಲಿ? ಸಂಜೆಯ ಆ ಒಂದು ಗಂಟೆ ಅವನಿಗೂ ಗೊತ್ತು.

ಗಣಿತದ ಟೀಚರಿಗೆ ಕಳೆದ ತಿಂಗಳು ಊರಿಗೆ ವರ್ಗ ಆಯಿತು. ಹೋಗುವ ದಿನ ಬೋರ್ಡಿನಲ್ಲಿ ಕನ್ನಡದಲ್ಲೇ ಬರೆದರು, ಚಂದ ಅಕ್ಷರ, ಒಂದೇ ಒಂದು ಒತ್ತಕ್ಷರ ತಪ್ಪಿತ್ತು. ಮಕ್ಕಳು ತಿದ್ದಲಿಲ್ಲ. ಅವರ ಜಾಗಕ್ಕೆ ಸೋಮವಾರ ಹೊಸಬರು ಬರುತ್ತಾರಂತೆ, ತೃಶೂರಿನವರು. ಕನ್ನಡ ಬರುತ್ತದಾ ಅಂತ ಹೆಡ್‌ಮಾಸ್ಟರಲ್ಲಿ ಕೇಳಿದೆ. "ಬರ್ತಾರೆ ಅಂತ ಮಾತ್ರ ಗೊತ್ತು ಟೀಚರ್" ಅಂದರು.

ನಿನ್ನೆ ಒಂಬತ್ತು ಬಿಯ ಇಬ್ಬರು ಹುಡುಗಿಯರು ಆ ಮೂರು ಭಾಗದ ಪುಸ್ತಕಕ್ಕೆ ಹೊಸ ಬೈಂಡ್ ಹಾಕುತ್ತಾ ಕೂತಿದ್ದರು. ಇನ್ನು ಎಂಟೋ ಹತ್ತೋ ಪುಟ ಖಾಲಿ ಉಂಟು ಅಷ್ಟೆ. ಹಾಗಾಗಿ ಗೈಡ್ ಬೇಡ ಮಾರಾಯ್ತಿ. ಕಳಿಸಲೇಬೇಕು ಅಂತಿದ್ದರೆ ಇನ್ನೂರು ಪುಟದ್ದು ಒಂದು ಗೆರೆ ಪುಸ್ತಕ ಕಳಿಸು.