ಮೊದಲು ಆ ಖಾಲಿ ಡಬ್ಬ ತೆಗೆಯಿರಿ

ಪ್ರಶ್ನೆ: ನಮ್ಮ ಪ್ರಿಂಟಿಂಗ್ ಪ್ರೆಸ್‌ಗೆ ವೆಬ್‌ಸೈಟ್ ಮಾಡಿಸಿದೆವು. ಆರ್ಡರ್‌ಗಳು ಆನ್‌ಲೈನ್‌ನಲ್ಲೇ ಬರುತ್ತವೆ. ಆದರೂ ಕೆಲಸ ಮೊದಲಿನಷ್ಟೇ ತಡ. ಯಾಕೆ?

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ನೀವು ಮಾಡಿಸಿದ್ದು ವೆಬ್‌ಸೈಟ್, ಆಟೊಮೇಷನ್ ಅಲ್ಲ. ಆರ್ಡರ್ ಇಮೇಲ್‌ನಲ್ಲಿ ಬರುತ್ತದೆ. ಒಬ್ಬರು ಅದನ್ನು ನೋಡಿಕೊಂಡು ಬಿಲ್ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಜಾಬ್ ಕಾರ್ಡ್ ಬರೆಯುತ್ತಾರೆ, ಮತ್ತೊಬ್ಬರು ಫೈಲ್ ಹುಡುಕುತ್ತಾರೆ. ಹೀಗಿದ್ದರೆ ಬೇಗ ಹೇಗಾದೀತು?

ನಿಮ್ಮ ಆರ್ಡರ್ ಫಾರ್ಮಿನ ಕೊನೆಯಲ್ಲಿ ‘ಇತರೆ ಸೂಚನೆಗಳು’ ಅಂತ ಒಂದು ಖಾಲಿ ಡಬ್ಬ ಇದೆ, ಅಲ್ವಾ? ಮೊದಲು ಅದನ್ನು ತೆಗೆಯಿರಿ. ಯಾರೋ ಒಬ್ಬರು ಅಲ್ಲಿ ‘ಸ್ವಲ್ಪ ದಪ್ಪ ಪೇಪರ್ ಹಾಕಿ’ ಅಂತ ಬರೆದಿರಬಹುದು ಎಂಬ ಭಯಕ್ಕೆ ನಿಮ್ಮವರು ಪ್ರತಿ ಆರ್ಡರನ್ನೂ ತೆರೆದು ಓದುತ್ತಾರೆ. ಅಳತೆ, ಪೇಪರಿನ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಲ್ಯಾಮಿನೇಷನ್, ಮಡಿಕೆ ಎಲ್ಲವೂ ಆರಿಸಿಕೊಳ್ಳುವ ಪಟ್ಟಿಯಲ್ಲಿರಲಿ. ಪಟ್ಟಿಯಲ್ಲಿ ಇಲ್ಲದ್ದು ಬೇಕಾದವರು ಕೊಟೇಶನ್ ಕೇಳಲಿ.

ಇನ್ನು ಪ್ರಿಫ್ಲೈಟ್, ಅಂದರೆ ಫೈಲ್ ಅಚ್ಚಿಗೆ ಸರಿಯಿದೆಯೇ ಎಂದು ಮೊದಲೇ ನೋಡುವ ತಪಾಸಣೆ. ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚಬೇಕಾದ ಅಂಚು) 3 ಮಿ.ಮೀ. ಇಲ್ಲ, ಫಾಂಟ್ ಎಂಬೆಡ್ ಆಗಿಲ್ಲ (ಫೈಲ್ ಒಳಗೆ ಸೇರಿಲ್ಲ), ಫೋಟೊ 72 ಡಿಪಿಐ (ಇಂಚಿಗೆ 72 ಚುಕ್ಕಿ) ಮಾತ್ರ ಇದೆ ಎನ್ನುವುದು ಗಿರಾಕಿ ಫೈಲ್ ಹಾಕುತ್ತಿರುವಾಗಲೇ ಅವರ ಪರದೆಯ ಮೇಲೆ ಕಾಣಬೇಕು. ಹಣ ಕಟ್ಟಿ ಎದ್ದುಹೋದ ಮೇಲೆ ಫೋನ್ ಮಾಡಿದರೆ ಎರಡು ದಿನ ಹೋಯಿತು ಅಂತಲೇ ಲೆಕ್ಕ. ತಪ್ಪನ್ನು ತಾನೇ ತಿದ್ದುವ ಸಾಫ್ಟ್‌ವೇರ್‌ಗಳೂ ಇವೆ. ನನಗೆ ಅವುಗಳ ಮೇಲೆ ನಂಬಿಕೆ ಕಡಿಮೆ. ಒಮ್ಮೆ ಬ್ಲೀಡ್ ಬರಲಿ ಅಂತ ಅಂಥದ್ದೊಂದು ಪುಟವನ್ನೇ ಸ್ವಲ್ಪ ಹಿಗ್ಗಿಸಿತ್ತು. ಅಂಚಿನಲ್ಲಿದ್ದ ತೆಳು ಬಾರ್ಡರ್ ಕಟಿಂಗ್ ಆದಮೇಲೆ ಒಂದು ಕಡೆ ಉಳಿಯಿತು, ಇನ್ನೊಂದು ಕಡೆ ಹಾರಿಹೋಯಿತು. ಇಡೀ ಲಾಟ್ ರದ್ದಿಗೆ. ಅಂದಿನಿಂದ, ಯಂತ್ರ ಏನೇ ತಿದ್ದಿದರೂ ಗಿರಾಕಿ ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ) ನೋಡಿ ಒಪ್ಪಿಗೆ ಒತ್ತದೆ ಕೆಲಸ ಮುಂದೆ ಹೋಗಕೂಡದು ಅನ್ನುತ್ತೇನೆ.

ಇಷ್ಟಾದರೆ ಉಳಿದದ್ದು ಸಲೀಸು. ಒಂದೇ ಪೇಪರಿನ ಸಣ್ಣ ಸಣ್ಣ ಆರ್ಡರ್‌ಗಳನ್ನು ಸಾಫ್ಟ್‌ವೇರ್ ಒಂದೇ ದೊಡ್ಡ ಶೀಟ್‌ನಲ್ಲಿ ಜೋಡಿಸುತ್ತದೆ. ಪ್ಲೇಟ್, ಮೇಕ್‌ರೆಡಿ (ಅಚ್ಚಿಗೆ ಮುಂಚೆ ಯಂತ್ರ ಸಜ್ಜು ಮಾಡುವುದು), ಹಾಳಾಗುವ ಶೀಟ್ ಎಲ್ಲದರ ಖರ್ಚೂ ಹಂಚಿಹೋಗುತ್ತದೆ. ಅಳತೆ, ಸಂಖ್ಯೆ, ಮಡಿಕೆಯ ವಿವರ ಜೆಡಿಎಫ್ (ಕೆಲಸದ ವಿವರವನ್ನು ಯಂತ್ರಗಳು ಓದಬಲ್ಲ ರೂಪ) ಫೈಲ್‌ನಲ್ಲಿ ಕಟಿಂಗ್, ಫೋಲ್ಡಿಂಗ್ ಯಂತ್ರಗಳ ತನಕ ಹೋಗುತ್ತದೆ. ಆದರೆ ‘ಜೆಡಿಎಫ್ ಇದೆ ಸಾರ್’ ಎನ್ನುವ ಮಾರಾಟಗಾರರ ಬಾಯಿಮಾತು ನಂಬಬೇಡಿ. ನಿಮ್ಮದೇ ಯಂತ್ರಕ್ಕೆ ನಿಮ್ಮದೇ ಒಂದು ಜಾಬ್ ಕಳಿಸಿ ತೋರಿಸಲಿ, ಆಮೇಲೆ ಹಣ.

ಪ್ರಶ್ನೆ: 72 ಡಿಪಿಐ ಫೋಟೊವನ್ನು 300 ಅಂತ ಬದಲಿಸಿ ಸೇವ್ ಮಾಡಿದರೆ ಸಾಕಲ್ಲವೇ?

ಅಳತೆ ಕಿರಿದಾಗದಿದ್ದರೆ ಬದಲಾಗುವುದು ಅಂಕಿ ಮಾತ್ರ. ಮಸುಕು ಮಸುಕಾಗಿಯೇ ಇರುತ್ತದೆ.

ಪ್ರಶ್ನೆ: ಮೊಬೈಲ್ ಪರದೆಯ ಬಣ್ಣವೇ ಅಚ್ಚಿನಲ್ಲೂ ಬರುವಂತೆ ಮಾಡುವ ಆ್ಯಪ್ ಇದೆಯಂತೆ?

ಮಾರುವವರು ಇದ್ದಾರೆ. ಪರದೆಯದು ಬೆಳಕು, ಅಚ್ಚಿನದು ಶಾಯಿ.

ಪ್ರಶ್ನೆ: ಪ್ರಿಫ್ಲೈಟ್ ಪಾಸಾದ ಮೇಲೂ ಕಾರ್ಡಿನಲ್ಲಿ ಫೋನ್ ನಂಬರ್ ತಪ್ಪಾಗಿ ಬಂದಿದೆ. ಹೊಣೆ ಯಾರದು?

ಪ್ರೂಫ್ ಓದದೆ ‘ಒಪ್ಪಿಗೆ’ ಒತ್ತಿದವರದು.